ಬೇಸ್‌ಬಾಲ್: ದಾಖಲೆ ಪುಸ್ತಕದ ಒಳಗೆ ಮತ್ತು ಹೊರಗೆ

2024ರ ಮೇ ತಿಂಗಳಿನಲ್ಲಿ ಅಮೆರಿಕದ ಬೇಸ್‌ಬಾಲ್ ದಾಖಲೆ ಪುಸ್ತಕದಲ್ಲಿ ಅಪರೂಪದ ತಿದ್ದುಪಡಿಯೊಂದು ನಡೆಯಿತು. ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ ದಶಕಗಳಿಂದ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಎರಡನೆಯ ಸ್ಥಾನಕ್ಕೆ ಇಳಿದರು. ಅವರ ಜಾಗಕ್ಕೆ ಬಂದವರು ಜಾಶ್ ಗಿಬ್ಸನ್. ಗಿಬ್ಸನ್ ತೀರಿಕೊಂಡು ಅಷ್ಟರಲ್ಲಿ 77 ವರ್ಷಗಳು ಸಂದಿದ್ದವು. ಮೇಜರ್ ಲೀಗ್ ತಂಡದ ಪರವಾಗಿ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ. ಪ್ರತಿಭೆ ಇಲ್ಲದ್ದಕ್ಕಲ್ಲ, ಚರ್ಮದ ಬಣ್ಣ ಕಪ್ಪಾಗಿದ್ದುದಕ್ಕೆ.

ಅಂಕಿಅಂಶಗಳನ್ನು ಇಷ್ಟು ಶ್ರದ್ಧೆಯಿಂದ ಕಾಪಿಟ್ಟುಕೊಂಡು ಬಂದ ಕ್ರೀಡೆಗಳು ಜಗತ್ತಿನಲ್ಲಿ ಕಡಿಮೆ. ಆದರೆ ಆ ಅಂಕಿಗಳಲ್ಲಿ ಯಾರಿಗೆ ಸ್ಥಾನ, ಯಾರಿಗೆ ಇಲ್ಲ ಎಂಬ ಪ್ರಶ್ನೆಯೇ ಬೇಸ್‌ಬಾಲ್ ಚರಿತ್ರೆಯ ಮರೆಯಲಾಗದ ಕ್ಷಣಗಳನ್ನು ರೂಪಿಸಿದೆ.

ಆಟದ ಪರಿಚಯ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರಾ ಅಪರಿಚಿತವೆನಿಸದು. ತಲಾ ಒಂಬತ್ತು ಆಟಗಾರರ ಎರಡು ತಂಡಗಳು, ಒಟ್ಟು ಒಂಬತ್ತು ಇನಿಂಗ್ಸ್. ಚೆಂಡು ಎಸೆಯುವವನು ಪಿಚರ್. ಬ್ಯಾಟುಗಾರನು ಚೆಂಡನ್ನು ಹೊಡೆದು, ಮೂರು ಬೇಸ್‌ಗಳನ್ನು ದಾಟಿ, ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಚೆಂಡು ನೇರವಾಗಿ ಬೇಲಿಯಾಚೆ ಹಾರಿದರೆ ಹೋಮ್ ರನ್. ತಂಡದ ಮೂವರು ಔಟಾದರೆ ಸರದಿ ಮುಗಿಯಿತು. ಹತ್ತು ಅವಕಾಶಗಳಲ್ಲಿ ಮೂರು ಬಾರಿ ಯಶಸ್ವಿ ಹೊಡೆತ ಬಾರಿಸುವವನನ್ನು ಉತ್ತಮ ಬ್ಯಾಟುಗಾರನೆಂದು ಪರಿಗಣಿಸಲಾಗುತ್ತದೆ. ಆತನ ಸರಾಸರಿಯನ್ನು .300 ಎಂದು ಬರೆಯುವುದು ರೂಢಿ.

1876ರಲ್ಲಿ ನ್ಯಾಷನಲ್ ಲೀಗ್ ಆರಂಭವಾಯಿತು. 1901ರಲ್ಲಿ ಅಮೆರಿಕನ್ ಲೀಗ್ ಮೇಜರ್ ಲೀಗ್ ಆಗಿ ಅದಕ್ಕೆ ಪ್ರತಿಸ್ಪರ್ಧಿಯಾಯಿತು. ಎರಡೂ ಲೀಗ್‌ಗಳ ವಿಜೇತರ ನಡುವಣ ವರ್ಲ್ಡ್ ಸೀರೀಸ್ ಮೊದಲ ಬಾರಿಗೆ ನಡೆದದ್ದು 1903ರಲ್ಲಿ.

ಹೋಮ್ ರನ್ ಯುಗ ತಂದ ಬೇಬ್ ರೂತ್

ಬೇಸ್‌ಬಾಲನ್ನು ಮನೆಮಾತಾಗಿಸಿದವರಲ್ಲಿ ಮೊದಲ ಹೆಸರು ಬೇಬ್ ರೂತ್ ಅವರದು. ಬಾಲ್ಟಿಮೋರ್‌ನಲ್ಲಿ 1895ರಲ್ಲಿ ಜನಿಸಿದ ರೂತ್, ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿ ಪಿಚರ್ ಆಗಿ ಹೆಸರು ಮಾಡಿದವರು. 1919ರ ಕೊನೆಯಲ್ಲಿ ಬಾಸ್ಟನ್ ಅವರನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿತು. ಮರುವರ್ಷವೇ ರೂತ್ 54 ಹೋಮ್ ರನ್ ಬಾರಿಸಿದರು. 1927ರಲ್ಲಿ ಅವರು ಬಾರಿಸಿದ 60 ಹೋಮ್ ರನ್‌ಗಳ ದಾಖಲೆ 1961ರವರೆಗೆ ಉಳಿಯಿತು. ಅವರ ಒಟ್ಟು ಗಳಿಕೆ 714. ಕ್ರಿಕೆಟ್ ದಂತಕಥೆ ಡಾನ್ ಬ್ರಾಡ್ಮನ್ 1932ರಲ್ಲಿ ಅಮೆರಿಕಕ್ಕೆ ಹೋದಾಗ ರೂತ್ ಅವರನ್ನು ಭೇಟಿ ಮಾಡಿದ್ದರು.

ರೂತ್ ಅವರನ್ನು ಕಳೆದುಕೊಂಡ ಬಾಸ್ಟನ್, 1918ರ ನಂತರ ಮತ್ತೊಮ್ಮೆ ವರ್ಲ್ಡ್ ಸೀರೀಸ್ ಗೆಲ್ಲಲು 2004ರವರೆಗೆ ಕಾಯಬೇಕಾಯಿತು. ಈ 86 ವರ್ಷಗಳ ಬರವನ್ನು ಅಭಿಮಾನಿಗಳು ರೂತ್ ಶಾಪವೆಂದೇ ಕರೆದರು.

ಗೆರಿಗ್ ವಿದಾಯ

ರೂತ್ ಅವರ ಸಹ ಆಟಗಾರ ಲೂ ಗೆರಿಗ್ 1925ರಿಂದ 1939ರವರೆಗೆ ಒಂದನ್ನೂ ತಪ್ಪಿಸದೆ ಸತತ 2,130 ಪಂದ್ಯಗಳನ್ನು ಆಡಿದರು. 1939ರ ಮೇ 2ರಂದು ಮೈಯಲ್ಲಿ ಶಕ್ತಿ ಉಳಿದಿಲ್ಲವೆಂದು ತಿಳಿದು ತಾವೇ ಹೊರಗುಳಿದರು. ಸ್ನಾಯುಗಳನ್ನು ಕ್ರಮೇಣ ನಿಶ್ಚೇಷ್ಟಗೊಳಿಸುವ ನರರೋಗ ಅವರನ್ನು ಹಿಡಿದಿತ್ತು. ಅದೇ ವರ್ಷ ಜುಲೈ 4ರಂದು ಯಾಂಕೀ ಕ್ರೀಡಾಂಗಣದಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ತಮ್ಮನ್ನು ಭಾಗ್ಯವಂತನೆಂದು ಹೇಳಿಕೊಂಡು ಅವರು ನೆರೆದವರ ಕಣ್ಣಲ್ಲಿ ನೀರು ತರಿಸಿದರು. ಎರಡು ವರ್ಷಗಳಲ್ಲಿ, 37ನೆಯ ವಯಸ್ಸಿಗೆ, ನಿಧನರಾದರು. ಅಮೆರಿಕದಲ್ಲಿ ಆ ಕಾಯಿಲೆಯನ್ನು ಇಂದಿಗೂ ಗೆರಿಗ್ ಹೆಸರಿನಿಂದಲೇ ಗುರುತಿಸುತ್ತಾರೆ. ಅವರ ದಾಖಲೆಯನ್ನು ಕ್ಯಾಲ್ ರಿಪ್ಕೆನ್ ಮುರಿದದ್ದು 1995ರಲ್ಲಿ.

ಬೇಲಿಯ ಆಚೆಗಿದ್ದವರು

ರೂತ್ ಮತ್ತು ಗೆರಿಗ್ ಮೆರೆದ ಕಾಲದಲ್ಲಿ ಮೇಜರ್ ಲೀಗ್ ಮೈದಾನಗಳಲ್ಲಿ ಕಪ್ಪು ವರ್ಣೀಯ ಆಟಗಾರರಿಗೆ ಪ್ರವೇಶವಿರಲಿಲ್ಲ. 1884ರಲ್ಲಿ ಟೊಲಿಡೊ ತಂಡಕ್ಕೆ ಆಡಿದ ಮೋಸೆಸ್ ಫ್ಲೀಟ್‌ವುಡ್ ವಾಕರ್ ನಂತರ, ತಂಡಗಳ ಮಾಲೀಕರ ಅಲಿಖಿತ ಒಪ್ಪಂದವೊಂದು ಆರು ದಶಕಗಳ ಕಾಲ ಬಾಗಿಲು ಮುಚ್ಚಿತು. ಹೊರಗುಳಿದವರು ತಮ್ಮದೇ ಲೀಗ್‌ಗಳನ್ನು ಕಟ್ಟಿಕೊಂಡರು. ರೂಬ್ ಫಾಸ್ಟರ್ 1920ರಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಸ್ಥಾಪಿಸಿದರು. ಜಾಶ್ ಗಿಬ್ಸನ್ ಅವರ ಹೊಡೆತಗಳೂ ಪಿಚರ್ ಸ್ಯಾಚೆಲ್ ಪೇಜ್ ಅವರ ಎಸೆತಗಳೂ ಆ ಲೀಗ್‌ಗಳಲ್ಲಿ ದಂತಕಥೆಯಾದವು.

ಬಾಗಿಲು ತೆರೆದದ್ದು 1947ರ ಏಪ್ರಿಲ್ 15ರಂದು. ಬ್ರೂಕ್ಲಿನ್ ಡಾಜರ್ಸ್ ಪರವಾಗಿ ಜಾಕಿ ರಾಬಿನ್ಸನ್ ಅಂದು ಕಣಕ್ಕಿಳಿದರು. ನಿಂದನೆಗೆ ಪ್ರತಿಯಾಗಿ ಕೈ ಎತ್ತದಿರುವ ಧೈರ್ಯ ಬೇಕೆಂದು ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಮೊದಲೇ ಅವರಿಗೆ ಹೇಳಿದ್ದರು. ಆ ದಿನ ರಾಬಿನ್ಸನ್ ಅವರಿಗೆ ಒಂದು ಯಶಸ್ವಿ ಹೊಡೆತವೂ ದಕ್ಕಲಿಲ್ಲ. ಆದರೆ ತಂಡಕ್ಕೆ ಮುನ್ನಡೆ ನೀಡಿದ ರನ್ ಗಳಿಸಿದವರು ಅವರೇ. ಬಾಸ್ಟನ್ ಬ್ರೇವ್ಸ್ ವಿರುದ್ಧದ ಪಂದ್ಯವನ್ನು ಡಾಜರ್ಸ್ 5-3ರಿಂದ ಗೆದ್ದಿತು. ಎದುರಾಳಿಗಳ ಬೈಗುಳ ಮತ್ತು ಕೊಲೆ ಬೆದರಿಕೆಗಳ ನಡುವೆಯೂ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರದಾಯಿತು. 1949ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದರು. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ರಾಬಿನ್ಸನ್ ಕಣಕ್ಕಿಳಿದ ಏಳು ವರ್ಷಗಳ ನಂತರ, 1954ರಲ್ಲಿ.

ರಾಬಿನ್ಸನ್ ಧರಿಸುತ್ತಿದ್ದ 42ನೇ ಸಂಖ್ಯೆಯನ್ನು 1997ರಲ್ಲಿ ಎಲ್ಲ ತಂಡಗಳೂ ಅವರ ಗೌರವಾರ್ಥ ಕೈಬಿಟ್ಟವು. ಪ್ರತಿವರ್ಷ ಏಪ್ರಿಲ್ 15ರಂದು ಮಾತ್ರ ಎಲ್ಲ ಆಟಗಾರರೂ ಅದೇ ಸಂಖ್ಯೆಯ ಅಂಗಿ ತೊಡುವ ಪದ್ಧತಿ 2009ರಿಂದ ನಡೆದುಬಂದಿದೆ.

ಗಿಬ್ಸನ್ ಪಾಲಿಗೆ ಆ ದಿನ ತಡವಾಗಿ ಬಂತು. ರಾಬಿನ್ಸನ್ ಕಣಕ್ಕಿಳಿಯುವ ಮೂರು ತಿಂಗಳು ಮೊದಲೇ, 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದ್ದರು. ಪೇಜ್ ಅವರಿಗೆ 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡದಿಂದ ಕರೆ ಬಂದಾಗ ವಯಸ್ಸು 42 ಆಗಿತ್ತು.

ಆರನ್ ಸಾಧನೆ, ಕ್ಲೆಮೆಂಟೆ ತ್ಯಾಗ

ನೀಗ್ರೊ ಲೀಗ್‌ಗಳ ಕೊನೆಯ ದಿನಗಳಲ್ಲಿ ಆಟ ಆರಂಭಿಸಿದವರು ಹ್ಯಾಂಕ್ ಆರನ್. ರೂತ್ ಅವರ 714ರ ದಾಖಲೆಗೆ ಒಂದೇ ಹೋಮ್ ರನ್ ಕಡಿಮೆ ಇರುವಾಗ 1973ರ ಋತು ಮುಗಿಯಿತು. ಬಿಳಿಯ ನಾಯಕನ ದಾಖಲೆಯನ್ನು ಕಪ್ಪು ವರ್ಣೀಯನೊಬ್ಬ ಮುರಿಯುವುದನ್ನು ಸಹಿಸದವರ ದ್ವೇಷದ ಪತ್ರಗಳು ರಾಶಿಯಾಗಿ ಬಂದವು. ಅವುಗಳಲ್ಲಿ ಪ್ರಾಣ ಬೆದರಿಕೆಗಳೂ ಇದ್ದವು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ, ಅಲ್ ಡೌನಿಂಗ್ ಎಸೆತವನ್ನು ಬೇಲಿಯಾಚೆ ಕಳುಹಿಸಿದ ಆರನ್ 715ನ್ನು ತಲುಪಿದರು. ಬೇಸ್‌ಗಳನ್ನು ಸುತ್ತಿ ಬಂದ ಮಗನನ್ನು ತಾಯಿ ಮೈದಾನದಲ್ಲೇ ಬಿಗಿದಪ್ಪಿಕೊಂಡರು. ಆರನ್ 755 ಹೋಮ್ ರನ್‌ಗಳೊಂದಿಗೆ ನಿವೃತ್ತರಾದರು. 2007ರಲ್ಲಿ ಬ್ಯಾರಿ ಬಾಂಡ್ಸ್ ಅದನ್ನು ದಾಟಿ 762ಕ್ಕೆ ಮುಟ್ಟಿದರಾದರೂ, ಉದ್ದೀಪನ ಮದ್ದಿನ ವಿವಾದದಿಂದಾಗಿ ಬಹಳಷ್ಟು ಅಭಿಮಾನಿಗಳು ಇಂದಿಗೂ ಆರನ್ ಹೆಸರನ್ನೇ ಮೊದಲು ಹೇಳುತ್ತಾರೆ.

ಪೋರ್ಟೊರಿಕೊದ ರಾಬರ್ಟೊ ಕ್ಲೆಮೆಂಟೆ ಪಿಟ್ಸ್‌ಬರ್ಗ್ ಪೈರೇಟ್ಸ್ ಪರವಾಗಿ 1972ರ ಸೆಪ್ಟೆಂಬರ್ 30ರಂದು ತಮ್ಮ 3,000ನೇ ಹಿಟ್ ಬಾರಿಸಿದರು. ಡಿಸೆಂಬರಿನಲ್ಲಿ ನಿಕರಾಗುವಾದ ರಾಜಧಾನಿ ಮನಾಗುವಾ ಭೂಕಂಪಕ್ಕೆ ತುತ್ತಾಯಿತು. ಪರಿಹಾರ ಸಾಮಗ್ರಿ ಸಂತ್ರಸ್ತರ ಕೈಸೇರುತ್ತಿಲ್ಲವೆಂಬ ಸುದ್ದಿ ಕೇಳಿ, ಡಿಸೆಂಬರ್ 31ರಂದು ಕ್ಲೆಮೆಂಟೆ ತಾವೇ ವಿಮಾನ ಹತ್ತಿದರು. ಅದು ಸಮುದ್ರಕ್ಕೆ ಬಿತ್ತು. ಅವರ ದೇಹ ಸಿಗಲಿಲ್ಲ. ಹಾಲ್ ಆಫ್ ಫೇಮ್ ಗೌರವಕ್ಕೆ ನಿವೃತ್ತಿಯ ನಂತರ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಅವರಿಗಾಗಿ ಸಡಿಲಿಸಿ, 1973ರಲ್ಲೇ ಆ ಗೌರವ ನೀಡಲಾಯಿತು. ಲೆಕ್ಕದಲ್ಲಿ ಅವರ ಹಿಟ್‌ಗಳು 3,000ಕ್ಕೇ ನಿಂತಿವೆ.

ತಡವಾಗಿ ಬಂದ ನ್ಯಾಯ

ನೀಗ್ರೊ ಲೀಗ್‌ಗಳಿಗೆ ಮೇಜರ್ ಲೀಗ್ ಸ್ಥಾನಮಾನ ಘೋಷಣೆಯಾದದ್ದು 2020ರಲ್ಲಿ. ಹಳೆಯ ಪತ್ರಿಕೆಗಳಲ್ಲಿ ಸಿಕ್ಕ ಸ್ಕೋರ್ ವಿವರಗಳನ್ನು ಒಂದೊಂದಾಗಿ ಹೆಕ್ಕಿ, 1920ರಿಂದ 1948ರವರೆಗೆ ಆಡಿದ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳನ್ನು 2024ರಲ್ಲಿ ಅಧಿಕೃತ ಪಟ್ಟಿಗೆ ಸೇರಿಸಲಾಯಿತು. ಗಿಬ್ಸನ್ ಸರಾಸರಿ .372 ಎಂದು ದಾಖಲಾಯಿತು. ಕಾಬ್ ಅವರದು .367.

ಆದರೂ ಲೆಕ್ಕ ಪೂರ್ಣವಾಗಿ ಚುಕ್ತಾ ಆಗಿಲ್ಲ. ಹಾಲ್ ಆಫ್ ಫೇಮ್‌ನಲ್ಲಿರುವ ಗಿಬ್ಸನ್ ಫಲಕ ಅವರ ಹೋಮ್ ರನ್‌ಗಳನ್ನು ಸುಮಾರು 800 ಎನ್ನುತ್ತದೆ. ಅಧಿಕೃತ ಪಟ್ಟಿಯಲ್ಲಿರುವ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಲೀಗ್‌ನ ಹೊರಗೆ ಊರೂರು ಸುತ್ತಿ ಆಡಿದ ಪಂದ್ಯಗಳು ಗಣನೆಗೆ ಬರುವುದಿಲ್ಲ, ಲೀಗ್‌ನ ಹಲವು ಪಂದ್ಯಗಳ ವಿವರವೂ ಉಳಿದಿಲ್ಲ. ನೋಡಿದವರ ನೆನಪಿನಲ್ಲಿದ್ದು, ಬರೆದಿಡುವವರಿಲ್ಲದೆ ಕಳೆದುಹೋದ ಆ ಹೊಡೆತಗಳನ್ನು ಇನ್ನಾವ ತಿದ್ದುಪಡಿಯೂ ಮರಳಿ ತರಲಾರದು.