ಮನೆ ಬಾಗಿಲಿನ ತನಕ

ಬೆಂಗಳೂರಿನ ಚರಿತ್ರೆ ಎಂದೊಡನೆ ನಮಗೆ ಕೆಂಪೇಗೌಡರ ಗೋಪುರಗಳು, ಟಿಪ್ಪುವಿನ ಅರಮನೆ, ಕಬ್ಬನ್ ಪಾರ್ಕು ನೆನಪಾಗುತ್ತವೆ. ದುಡಿಯಲು ಹೊರಟ ಹೆಣ್ಣುಮಗಳ ಪಾಲಿಗೆ ಆ ಊರಿಗೆ ಇನ್ನೊಂದು ಚರಿತ್ರೆಯೂ ಇದೆ. ಅದು ವಾಹನದ ಚರಿತ್ರೆ. ಅವಳನ್ನು ಮನೆಯಿಂದ ಯಾರು ಕರೆದೊಯ್ದರು, ಯಾರು ತಂದು ಬಿಟ್ಟರು, ದಾರಿಯಲ್ಲಿ ಏನಾದರೂ ಆದರೆ ಉತ್ತರ ಹೇಳಬೇಕಾದವರು ಯಾರು ಎಂಬ ಚರಿತ್ರೆ. ನಮ್ಮಂಥ ಸಣ್ಣ ಊರುಗಳಿಂದ ಮಗಳನ್ನೋ ಸೊಸೆಯನ್ನೋ ಆ ಮಹಾನಗರಕ್ಕೆ ಕಳಿಸಿದ ಹೆಂಗಸರಿಗೆ ಈ ಮೂರನೆಯ ಪ್ರಶ್ನೆ ಹೊಸದೇನಲ್ಲ. ರಾತ್ರಿ ಹನ್ನೊಂದರ ಮೇಲೆ ಫೋನು ದಿಂಬಿನ ಪಕ್ಕದಲ್ಲಿಟ್ಟು ಮಲಗುವವರಲ್ಲವೇ ನಾವು!

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೃಷ್ಣರಾಜಪುರದ ಬಳಿ ಟೆಲಿಫೋನು ತಯಾರಿಸುವ ಐ.ಟಿ.ಐ. ಕಾರ್ಖಾನೆ ಶುರುವಾಯಿತು. ಆ ಜಾಗಕ್ಕೆ ದೂರವಾಣಿನಗರವೆಂದೇ ಹೆಸರು ಬಿತ್ತು. ಜಾಲಹಳ್ಳಿಯ ಕಡೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. 1961ರಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ತೊಡಗಿದಾಗ, ಆ ಸಣ್ಣ ಸಣ್ಣ ಚಕ್ರಗಳನ್ನು ಕೂಡಿಸುವ ನಾಜೂಕಿನ ಕೆಲಸಕ್ಕೆ ಬಹಳ ಹೆಂಗಸರು ಸೇರಿದರು. ನಮ್ಮಲ್ಲಿ ಎಷ್ಟೋ ಜನರ ಮದುವೆಯಲ್ಲಿ ವರನ ಕೈಗೆ ಕಟ್ಟಿದ ಗಡಿಯಾರ ಹೀಗೆ ಯಾರೋ ಒಬ್ಬ ಹೆಣ್ಣುಮಗಳ ಬೆರಳಿನಿಂದ ಬಂದದ್ದು.

ಈ ಕಾರ್ಖಾನೆಗಳೆಲ್ಲ ಅಂದಿನ ಊರಿನಿಂದ ಹೊರಗಿದ್ದವು. ಹಾಗಾಗಿ ಕಾರ್ಖಾನೆಗಳೇ ಬಸ್ಸು ಓಡಿಸಿದವು. ಬಸ್ಸಿನ ಮೈಮೇಲೆ ಕಾರ್ಖಾನೆಯ ಹೆಸರು ದೊಡ್ಡದಾಗಿ ಬರೆದಿರುತ್ತಿತ್ತು. ಡ್ರೈವರು ಯಾರು, ಯಾವ ತಿರುವಿನಲ್ಲಿ ಯಾರು ಹತ್ತುತ್ತಾರೆ, ಯಾರು ಇಂದು ಬರಲಿಲ್ಲ ಎಂಬುದು ಬಸ್ಸಿನವರಿಗೆಲ್ಲ ಗೊತ್ತು. ಬಸ್ಸು ತಡವಾದರೆ ಯಾರನ್ನು ಕೇಳಬೇಕೆಂದು ಯಾರಿಗೂ ಅನುಮಾನವಿರಲಿಲ್ಲ. ಬಸ್ಸಿನ ಮೇಲೆಯೇ ಬರೆದಿತ್ತಲ್ಲ! ಅದೇ ಆ ವ್ಯವಸ್ಥೆಯ ದೊಡ್ಡ ಗುಣ.

ಹಾಗೆಂದು ಆ ಕಾಲವನ್ನು ಸ್ವರ್ಗವೆನ್ನುವುದು ಬೇಡ. 1948ರ ಕಾರ್ಖಾನೆ ಕಾಯಿದೆಯು ಹೆಂಗಸರನ್ನು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ದುಡಿಸಬಾರದೆಂದು ಹೇಳಿತ್ತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 25ನೆಯ ಕಲಮು ಕೂಡ ರಾತ್ರಿಯ ದುಡಿಮೆಯಿಂದ ಹೆಂಗಸರನ್ನು ದೂರವಿಟ್ಟಿತ್ತು. ರಕ್ಷಣೆಯೂ ಅದೇ, ಬೇಲಿಯೂ ಅದೇ. ಆಸ್ಪತ್ರೆಯ ದಾದಿಯರು ಮಾತ್ರ ಎಲ್ಲ ಕಾಲದಲ್ಲೂ ರಾತ್ರಿ ದುಡಿದೇ ಇದ್ದರು. ರೋಗಕ್ಕೆ ಹಗಲು ರಾತ್ರಿ ಎಂಬುದಿಲ್ಲ.

1970ರ ದಶಕದ ಕೊನೆಗೆ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆ ಜಮೀನಿನಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಎಬ್ಬಿಸಿತು. ಅದರ ಕನಸು ಕಂಡವರು ಆರ್.ಕೆ. ಬಾಳಿಗ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್‌ನಲ್ಲಿ 1990ರ ದಶಕದ ಕೊನೆಗೆ ಸಿಂಗಪುರದವರು, ಟಾಟಾ ಮತ್ತು ರಾಜ್ಯ ಸರ್ಕಾರ ಕೂಡಿ ಐ.ಟಿ.ಪಿ.ಎಲ್. ಕಟ್ಟಿಸಿದರು. ಅದಾದ ಮೇಲೆ ಬಂದವು ಕಾಲ್ ಸೆಂಟರುಗಳು. ನಮ್ಮಲ್ಲಿ ಸಂಜೆ 6.30 ಆದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ 9, ಚಳಿಗಾಲವಾದರೆ 8. ಅವರ ಹಗಲು ನಮ್ಮ ರಾತ್ರಿ. ದೂರವಾಣಿನಗರದಲ್ಲಿ ಟೆಲಿಫೋನು ಮಾಡಿದ ಹೆಂಗಸರು ಹಗಲಲ್ಲಿ ದುಡಿದು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಟೆಲಿಫೋನಿನಲ್ಲಿ ಮಾತನಾಡುವ ಅವರ ಹೆಣ್ಣುಮಕ್ಕಳು ದೀಪ ಹಚ್ಚಿ ಕೆಲಸಕ್ಕೆ ಹೊರಟರು.

ಕಾಯಿದೆ ಅಡ್ಡ ಬಂತು. ಅದಕ್ಕೆ 2002ರಲ್ಲಿ 25ನೆಯ ಕಲಮಿಗೆ ತಿದ್ದುಪಡಿ ಆಯಿತು. ಐ.ಟಿ. ಮತ್ತು ಅದಕ್ಕೆ ಹೊಂದಿದ ಸಂಸ್ಥೆಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು. ಆದರೆ ಆ ಸಂಸ್ಥೆ ತನ್ನ ಹೆಣ್ಣು ನೌಕರರಿಗೆ ಸಾರಿಗೆ ಮತ್ತು ಭದ್ರತೆಯನ್ನು ಒದಗಿಸಬೇಕು. ಈ ಷರತ್ತನ್ನು ನಾವು ನೆನಪಿಡಬೇಕು. ರಾತ್ರಿ ದುಡಿಸುವ ಹಕ್ಕು ಕಂಪನಿಗಳಿಗೆ ಬಿಟ್ಟಿಯಾಗಿ ಬಂದದ್ದಲ್ಲ. ಮನೆ ಬಾಗಿಲಿನ ತನಕದ ಜವಾಬ್ದಾರಿಯೇ ಅದರ ಬೆಲೆ.

ಆದರೆ ಆ ಜವಾಬ್ದಾರಿ ರಸ್ತೆಗಿಳಿದಾಗ ಹೇಗೆ ಹಂಚಿಹೋಯಿತು ನೋಡಿ. ಹಳೆಯ ಕಾರ್ಖಾನೆಯ ಬಸ್ಸು ಹೋಗಿ ಬಿಳಿಯ ಸುಮೋ, ಕ್ವಾಲಿಸ್ ಗಾಡಿಗಳು ಬಂದವು. ಕಂಪನಿ ಗುತ್ತಿಗೆಯನ್ನು ಟ್ರಾವೆಲ್ಸ್‌ನವರಿಗೆ ಕೊಟ್ಟಿತು. ಟ್ರಾವೆಲ್ಸ್‌ನವರು ಬೇರೆಯವರ ಗಾಡಿ ಹಿಡಿದರು. ಗಾಡಿಯ ಮಾಲೀಕ ಒಬ್ಬ ಡ್ರೈವರನ್ನು ಇಟ್ಟ. ರಾತ್ರಿ ಎರಡು ಗಂಟೆಗೆ ಬಾಗಿಲಿಗೆ ಬಂದು ಹಾರನ್ ಮಾಡುವವನಿಗೂ ಹಗಲಲ್ಲಿ ಗಾಜಿನ ಕಟ್ಟಡದಲ್ಲಿ ಕೂತವರಿಗೂ ನಡುವೆ ಮೂರು ನಾಲ್ಕು ಕೈಗಳು. ಗಾಡಿಯ ಮೇಲೆ ಕಂಪನಿಯ ಹೆಸರು ಕಾಣುತ್ತಿರಲಿಲ್ಲ.

2005ರ ಡಿಸೆಂಬರ್ 13ರ ನಡುರಾತ್ರಿ ಕಳೆದ ಹೊತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೆವ್ಲೆಟ್ ಪ್ಯಾಕರ್ಡ್ ಗ್ಲೋಬಲ್‌ಸಾಫ್ಟ್ ಸಂಸ್ಥೆಯ ನೌಕರಳಾಗಿದ್ದ, ಮದುವೆಯಾಗಿದ್ದ ತರುಣಿಯೊಬ್ಬಳು ಮನೆಯ ಮುಂದೆ ಬಂದ ಗಾಡಿ ಹತ್ತಿದಳು. ಅಂದು ಅವಳನ್ನು ಕರೆತರಬೇಕಾಗಿದ್ದ ಡ್ರೈವರು ಅವನಲ್ಲ. ಅವಳು ಕೆಲಸಕ್ಕೂ ಮುಟ್ಟಲಿಲ್ಲ, ಮನೆಗೂ ಮರಳಲಿಲ್ಲ. ಅತ್ಯಾಚಾರ ಮಾಡಿ ಕೊಂದವನಿಗೆ 2010ರಲ್ಲಿ ಬೆಂಗಳೂರಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಥವರ ಹೆಸರು ಹೇಳಬಾರದೆಂದು ಕಾನೂನೇ ಹೇಳುತ್ತದೆ, ನಮ್ಮ ಮನಸ್ಸೂ ಹೇಳುತ್ತದೆ.

ಕೊಂದವನಿಗೆ ಶಿಕ್ಷೆ ಆಯಿತು, ಸರಿ. ಹಾಗಾದರೆ ಸಾರಿಗೆ ಮತ್ತು ಭದ್ರತೆಯ ಷರತ್ತು ಏನಾಯಿತು? ಕಾರ್ಮಿಕ ಇಲಾಖೆ ಈ ಪ್ರಶ್ನೆಯನ್ನು ಕೋರ್ಟಿಗೇ ಒಯ್ದಿತು. 1961ರ ಕಾಯಿದೆಯಡಿ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕ ಸೋಮ್ ಮಿತ್ತಲ್ ಅವರ ಮೇಲೆ ಮೊಕದ್ದಮೆ ಹೂಡಿತು. ಮೊಕದ್ದಮೆಯನ್ನೇ ರದ್ದು ಮಾಡಬೇಕೆಂದು ಅವರು ಹೈಕೋರ್ಟಿಗೆ ಹೋದರು. ಅಲ್ಲಿ ಆಗಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. 2008ರ ಜನವರಿ 29ರಂದು ಅಲ್ಲಿಯೂ ಮೇಲ್ಮನವಿ ಬಿದ್ದುಹೋಯಿತು. ಇದರಿಂದ ಅವರು ತಪ್ಪಿತಸ್ಥರೆಂದು ತೀರ್ಮಾನವಾಯಿತು ಎಂದು ತಿಳಿಯಬಾರದು. ಶುರುವಿನಲ್ಲಿಯೇ ಮೊಕದ್ದಮೆಯನ್ನು ತೆಗೆದುಹಾಕುವ ಅಧಿಕಾರವನ್ನು ಕೋರ್ಟುಗಳು ಅಪರೂಪಕ್ಕೆ ಮಾತ್ರ ಬಳಸಬೇಕು, ವಿಚಾರಣೆ ನಡೆಯಲಿ ಎಂಬುದು ಅದರ ಸಾರ. ಆದರೂ ಅದು ಸಣ್ಣ ಮಾತಲ್ಲ. ರಾತ್ರಿ ಎರಡು ಗಂಟೆಯ ಗಾಡಿಯ ಬಗ್ಗೆ ಕಂಪನಿಯ ಅತಿ ದೊಡ್ಡ ಕುರ್ಚಿಯಲ್ಲಿ ಕೂತವರನ್ನೂ ಕೇಳಬಹುದು ಎಂದಾಯಿತು.

ಆಮೇಲೆ ನಿಯಮಗಳು ಬಂದವು. ಗಾಡಿಗೆ ಮೊದಲು ಹತ್ತುವವಳೂ ಕೊನೆಗೆ ಇಳಿಯುವವಳೂ ಹೆಂಗಸಾಗಿರಬಾರದು, ಜೊತೆಗೆ ಕಾವಲುಗಾರ ಇರಬೇಕು, ಡ್ರೈವರನ ಪೂರ್ವಾಪರ ವಿಚಾರಿಸಿರಬೇಕು. ಇನ್ನೊಂದು ಸುಲಭದ ಉಪಾಯವೂ ಕೆಲವರಿಗೆ ಹೊಳೆಯಿತು: ಹೆಂಗಸರು ರಾತ್ರಿ ಕೆಲಸಕ್ಕೆ ಹೋಗದಿದ್ದರಾಯಿತಲ್ಲ! 2007ರಲ್ಲಿ ರಾಜ್ಯ ಸರ್ಕಾರ ರಾತ್ರಿ ಎಂಟರ ಮೇಲೆ ಹೆಂಗಸರ ದುಡಿಮೆಯನ್ನು ತಡೆಯಹೊರಟಿತು. ಪ್ರತಿಭಟನೆ ಎದ್ದ ಮೇಲೆ ಕೈಬಿಟ್ಟಿತು. ಕಳ್ಳತನವಾಯಿತೆಂದು ಮನೆಯವರನ್ನೇ ಕೋಣೆಯಲ್ಲಿ ಕೂಡಿಹಾಕಿದ ಹಾಗಿತ್ತು ಆ ಉಪಾಯ.

ಕಾನೂನು ಮಾತ್ರ ನಿಧಾನವಾಗಿ ಒಂದು ಸತ್ಯವನ್ನು ಒಪ್ಪಿಕೊಳ್ಳುತ್ತ ಬಂದಿದೆ. ಮಾಲೀಕರ ವಾಹನದಲ್ಲಿ ಹೋಗುವಾಗ ಆದ ಅಪಘಾತವನ್ನು ಕೆಲಸದಲ್ಲಿ ಆದದ್ದೆಂದೇ ತಿಳಿಯಬೇಕೆಂದು ಇ.ಎಸ್.ಐ. ಕಾಯಿದೆಯಲ್ಲಿ ಮೊದಲೇ ಇತ್ತು. 2010ರ ತಿದ್ದುಪಡಿಯಿಂದ, ಮನೆಗೂ ಕೆಲಸದ ಜಾಗಕ್ಕೂ ನಡುವಿನ ಓಡಾಟದಲ್ಲಿ ಆದ ಅಪಘಾತವೂ ಅದರಲ್ಲಿ ಸೇರಿತು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ, ಮಾಲೀಕ ಒದಗಿಸಿದ ವಾಹನವೂ ಕೆಲಸದ ಜಾಗವೇ ಎಂದು ಬಿಡಿಸಿ ಹೇಳಿತು. 2019ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲೂ ಹೆಂಗಸರಿಗೆ ರಾತ್ರಿಪಾಳಿಗೆ ಅವಕಾಶ ಕೊಟ್ಟಾಗ ಅವರ ಲಿಖಿತ ಒಪ್ಪಿಗೆ, ಸಾರಿಗೆ, ಭದ್ರತೆ ಇವೆಲ್ಲ ಷರತ್ತುಗಳಾದವು. ಕಾರ್ಖಾನೆಯ ಗೇಟಿಗೆ ಮುಗಿಯುತ್ತಿದ್ದ ಹೊಣೆ ಹೀಗೆ ಹೆಜ್ಜೆ ಹೆಜ್ಜೆಯಾಗಿ ಮನೆಯ ಹೊಸ್ತಿಲ ಕಡೆ ನಡೆದು ಬಂತು.

ಆದರೆ ಎಲ್ಲರ ಹೊಸ್ತಿಲಿಗೂ ಬಂತೇ? ಹೊಸೂರು ರಸ್ತೆಯಲ್ಲಿ 2010ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆ ರಸ್ತೆ ತೆರೆಯಿತು. ಸುಂಕ ಕೊಟ್ಟ ಗಾಡಿಗಳು ಸುಮಾರು ಹತ್ತು ಕಿಲೋಮೀಟರ್ ಮೇಲಿನಿಂದಲೇ ಹಾರಿಹೋಗುತ್ತವೆ. ಅದರ ಕೆಳಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ ಹೆಂಗಸರು ಊಟದ ಡಬ್ಬಿಯ ಚೀಲ ಹಿಡಿದು ನಡೆಯುತ್ತಾರೆ; ಇಲ್ಲವೇ ಬಸ್ಸಿಗೆ ಕಾಯುತ್ತಾರೆ. ಪೀಣ್ಯದಲ್ಲಿಯೂ ಇದೇ ಚಿತ್ರ. 2016ರ ಏಪ್ರಿಲ್ 18 ಮತ್ತು 19ರಂದು ಈ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ನಿಮಗೂ ನೆನಪಿರಬೇಕು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದೆಂದು ಕೇಂದ್ರ ಸರ್ಕಾರ ಮಾಡಿದ್ದ ನಿಯಮ ಎರಡೇ ದಿನದಲ್ಲಿ ವಾಪಸಾಯಿತು. ಅವರಿಗೆ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ದೂರ. ಹೊಸೂರು ರಸ್ತೆ ಹತ್ತಿರ.

ಈಗ ಗಾಡಿಗಳ ಮೇಲೆ ಕಣ್ಣಿಡಲು ಯಂತ್ರಗಳು ಬಂದಿವೆ. 2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಆ್ಯಪ್ ಮೂಲಕ ಕರೆಸಿದ ಊಬರ್ ಟ್ಯಾಕ್ಸಿಯಲ್ಲಿ ಅತ್ಯಾಚಾರ ನಡೆದ ಮೇಲೆ, ಫೋನಿನಿಂದ ಗಾಡಿ ಕಳಿಸುವ ಕಂಪನಿಯ ಹೊಣೆ ಎಷ್ಟು ಎಂಬ ಪ್ರಶ್ನೆ ದೇಶದಲ್ಲೆಲ್ಲ ಎದ್ದಿತು. 2016ರಲ್ಲಿ ಕರ್ನಾಟಕ ಇಂಥ ಕಂಪನಿಗಳಿಗೆಂದೇ ನಿಯಮ ತಂದಿತು. ಯಂತ್ರ ಒಳ್ಳೆಯದೇ, ಬೇಡವೆನ್ನಲಾರೆ. ಆದರೆ ಯಂತ್ರದ ಹಿಂದೆ ಮನುಷ್ಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯದೇ ಒಂದು ಮಾತು. ನನ್ನ ತಂಗಿಯ ಮಗಳು ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿದ್ದಾಳೆ. ಒಂದು ರಾತ್ರಿ ಪಾಳಿ ಮುಗಿಸಿ ಗೇಟಿಗೆ ಬಂದರೆ ಗಾಡಿ ಇಲ್ಲ. ಆಫೀಸಿಗೆ ಫೋನು ಮಾಡಿದರೆ ಟ್ರಾವೆಲ್ಸ್‌ನವರನ್ನು ಕೇಳಿ ಎಂದರು. ಟ್ರಾವೆಲ್ಸ್‌ನವರು ಡ್ರೈವರನ್ನು ಕೇಳಿ ಎಂದರು. ಡ್ರೈವರು ತನಗೆ ಬೇರೆ ಟ್ರಿಪ್ ಕೊಟ್ಟಿದ್ದಾರೆ ಎಂದ. ಗೇಟಿನ ವಾಚ್‌ಮನ್ ಪಾಪ, ಕುರ್ಚಿ ಕೊಟ್ಟು ಕೂರಿಸಿದನಂತೆ. ಮರುದಿನ ಅವಳು ನಗುತ್ತಲೇ ಹೇಳಿದಳು: “ದೊಡ್ಡಮ್ಮ, ಆ್ಯಪ್ ಪ್ರಕಾರ ಆಗ ನಾನು ಮನೆ ಸೇರಿ ಅರ್ಧ ಗಂಟೆ ಆಗಿತ್ತು.” ನನಗೆ ನಗು ಬರಲಿಲ್ಲ.

2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ಗೂ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊ ರೈಲು ಹೋಯಿತು. ಪೀಣ್ಯಕ್ಕೆ 2014ರಲ್ಲಿಯೇ ಹೋಗಿತ್ತು. ಹಗಲಿನ ಪಾಳಿಯವರಿಗೆ ಇದು ದೊಡ್ಡ ಉಪಕಾರ. ರಾತ್ರಿ ಎರಡು ಗಂಟೆಯವರಿಗೆ ಮಾತ್ರ ಇಂದಿಗೂ ಬಾಗಿಲಿಗೆ ಬಂದು ನಿಲ್ಲುವ ಗಾಡಿಯೇ ಗತಿ.

ಆದ್ದರಿಂದ ಮಗಳಿಗೆ ಬೆಂಗಳೂರಿನಲ್ಲಿ ಕೆಲಸವಾಯಿತೆಂದು ಸಿಹಿ ಹಂಚುವಾಗ ಸಂಬಳವೆಷ್ಟು ಎಂಬುದರ ಜೊತೆಗೆ ಇನ್ನೆರಡು ಮಾತು ಕೇಳೋಣ. ರಾತ್ರಿ ಗಾಡಿ ಯಾರದು? ಅದು ಬಾರದಿದ್ದರೆ ಆ ಹೊತ್ತಿನಲ್ಲಿ ಫೋನು ಎತ್ತುವ ಮನುಷ್ಯ ಯಾರು, ಅವನ ನಂಬರೇನು? ಅತಿ ಕಾಳಜಿ ಎಂದು ಮಕ್ಕಳು ಸಿಡುಕಬಹುದು, ಸಿಡುಕಲಿ. 2002ರಲ್ಲಿಯೇ ಕಾಗದದ ಮೇಲೆ ಬರೆದುಕೊಟ್ಟ ಮಾತದು. ಕೇಳುವುದಕ್ಕೆ ನಾಚಿಕೆಯೇಕೆ?