ಬಾಜೂ ಮನಿ ಅಜ್ಜೀ ಡೋಲು

ಮಗಳ ಬಾಣಂತನಕ್ಕ ಶಿಕಾಗೊಕ್ಕ ಹೋದಾಗಿನ ಸುದ್ದಿ ಒಂದು ಬಾಕಿ ಉಳದಿತ್ತು. ಸಣ್ಣ ವೈನಿ ಫೋನಿನ್ಯಾಗ ಎರಡು ಸಲ ನೆನಪು ಮಾಡಿದ್ರು, "ಅದೇನೋ ಡೋಲಿನ ಕಥಿ ಬರೀತೀನಿ ಅಂದಿದ್ರೆಲ್ಲಾ" ಅಂತ. ಅಂಟಿನುಂಡಿ ಕಟ್ಟೋದು, ಕೂಸಿಗೆ ಎಣ್ಣಿ ಹಚ್ಚಿ ಎರಿಯೋದು, ಇದರ ನಡಬರಕ ಡೋಲು ಎಲ್ಲಿಂದ ಬಂತು ಅಂತೀರಿ. ಹೇಳ್ತೀನಿ ಕೇಳ್ರಿ.

ಮಗಳ ಮನಿ ಬಾಜೂಕ ಒಬ್ಬ ಅಜ್ಜಿ ಇದ್ರು. 80 ದಾಟಿದಾಕಿ, ಗಂಡ ತೀರಿ ಎರಡು ವರ್ಷ ಆಗಿತ್ತು. ಮನಿ ಮಾರಿ ಮಗನ ಊರಿಗೆ ಹೊಂಟಿದ್ರು. ಗ್ಯಾರೇಜಿನ್ಯಾಗಿನ ಸಾಮಾನು ದಿನಾ ಒಂದೊಂದ ಹೊರಗ ಬರ್ತಿತ್ತು. ಒಂದಿನ ದೊಡ್ಡ ಡೋಲು ಬಂತು. ಬೇಸ್ ಡ್ರಮ್ ಅಂತಾರ, ಕಾಲಿನಿಂದ ಪೆಡಲ್ ಒತ್ತಿ ಬಾರಸೋದು. ಒಂದು ಕಡೆ ಹರದು ಹೋಗಿತ್ತು. "ಶುಕ್ರವಾರ ಕಸದ ಗಾಡಿ ಬರ್ತದ, ಒಯ್ಯಲಿ" ಅಂದ್ರು. ನನ್ನ ಮೊಮ್ಮಗ, 11 ವರ್ಷದಾಂವ, ಸಾಲ್ಯಾಗ ಬ್ಯಾಂಡ್ ಕಲೀತಾನ. ಅಂವ ಅಲ್ಲೇ ಕೂತುಬಿಟ್ಟ.

ಆವಾಗ ಆ ಅಜ್ಜಿ ಒಂದು ಮಾತು ಹೇಳಿದ್ರು. ಗಂಡ ಹುಡುಗ ಇದ್ದಾಗ, ಇನ್ನೂ ಲಗ್ನ ಆಗಿರಲಿಲ್ಲಂತ, ಕೂಲಿ ಮಾಡಿ ರೊಕ್ಕ ಕೂಡಿಸಿ ಇದನ್ನ ತಗೊಂಡಿದ್ರು. ಮದಿವ್ಯಾಗ, ಡಾನ್ಸಿನ್ಯಾಗ ಬಾರಸ್ತಿದ್ರು. "ಇದು ಲುಡ್ವಿಗ್ ಡ್ರಮ್, ಭಾಳ ಛಲೋ ಕಂಪನೀದು" ಅಂತ ಸಾಯೋತನಕ ಹೇಳಿದ್ರಂತ. ಆದ್ರ ಡೋಲಿನ ಮ್ಯಾಲ ಎಲ್ಲೂ ಲುಡ್ವಿಗ್ ಅಂತ ಬರದಿಲ್ಲ! 1964ರಾಗ ಟಿವ್ಯಾಗ ಬೀಟಲ್ಸ್ ಹುಡುಗೂರು ಬಂದಾಗ, ರಿಂಗೊ ಸ್ಟಾರ್‌ನ ಡೋಲಿನ ಮ್ಯಾಲ ದೊಡ್ಡ ಅಕ್ಷರದಾಗ ಲುಡ್ವಿಗ್ ಅಂತ ಇತ್ತು. ಗಂಡ "ನಂದೂ ಅದೇ" ಅಂದ್ರು. ಈಕಿ ಎದ್ದು ಹೋಗಿ ಡೋಲು ನೋಡಿ ಬಂದು ನಕ್ಕರು, "ಅಂಗಡ್ಯಾಂವ ನಿಮಗ ಟೊಪ್ಪಿಗಿ ಹಾಕ್ಯಾನ" ಅಂತ. ಅಲ್ಲಿಂದ ಮುಂದ ಆ ಮಾತು ಬಂದಾಗೆಲ್ಲಾ ಆಂವ ಸುಮ್ಮನಾಗಿಬಿಡ್ತಿದ್ರಂತ.

ನನಗ ಅದು ಮನಸಿನ್ಯಾಗ ಉಳೀತು. ಮೊಮ್ಮಗ "ಅಜ್ಜಿ, ನೋಡೋಣು ಬಾ" ಅಂದ. ಊರಿನ ಲೈಬ್ರರಿಯಿಂದ ಪುಸ್ತಕ ತಂದ. ಕೂಸು ಮಲಗಿದಾಗ ನಾವಿಬ್ಬರೂ ಟಾರ್ಚು, ಅಳತಿ ಟೇಪು ಹಿಡಕೊಂಡು ಗ್ಯಾರೇಜಿನ್ಯಾಗ ಕೂತ್ವಿ.

ಎರಡೂ ಕಡೀದು ಚರ್ಮ ಬಿಚ್ಚಿದ್ರ ಉಳಿಯೋ ಕಟ್ಟಗೀ ಮೈಗೆ ಶೆಲ್ಲು ಅಂತಾರ. ಅಡ್ಡಗಲ 24 ಅಂಗುಲ, ಆಳ 14 ಅಂಗುಲ. ನಮ್ಮ ಊರ ಹಿಟ್ಟಿನ ಸಾಣಿಗಿ ನೆನಪದ ಅಲ್ಲ, ಹಳೇದು, ಕಟ್ಟಗೀ ಬಳೀದು? ತೆಳ್ಳನ್ನ ಪಟ್ಟಿ ಬಗ್ಗಿಸಿ ತುದಿಗೆ ತುದಿ ಕೂಡಿಸ್ತಿದ್ರಲ್ಲ, ಇದೂ ಅದೇ ಜಾತಿ. ಆದ್ರ ಒಂದ ಪಟ್ಟಿ ಅಲ್ಲ, ತೆಳು ಹಾಳಿ ಒಂದರ ಮ್ಯಾಲ ಒಂದು ಅಂಟಿಸಿ ಸಾಚಾದಾಗ ಇಟ್ಟು ದುಂಡಗ ಮಾಡ್ತಾರ. ಪದರಿನ ಚಪಾತಿ ಅನ್ರಿ. ಒಳಗ ಬಿಳೇ ಬಣ್ಣ ಬಳದಿತ್ತು, ಹಂಗಾಗಿ ಪದರು ಎಷ್ಟು ಅಂತ ತಿಳೀಲಿಲ್ಲ. ಅದಕ್ಕ ಮೊಮ್ಮಗ ಒಂದು ಲಗ್ ಬಿಚ್ಚಿದ. ಚರ್ಮ ಬಿಗಿ ಮಾಡೋ ರಾಡ್ ಹಿಡಕೊಳ್ಳೋ ಲೋಹದ ತುಂಡು ಅದು. ಅದರ ತೂತಿನ ಅಂಚಿನ್ಯಾಗ ಟಾರ್ಚು ಬಿಟ್ಟು ನೋಡಿದ್ರ ಮೂರು ಗೆರಿ ಕಂಡ್ವು. ಆಚೀಚೆ ತೆಳ್ಳನ್ನವು, ನಡುವ ದಪ್ಪಂದು. ಮೇಪಲ್ ಇಲ್ಲಾ ಮಹಾಗನಿ ಆಚೀಚೆ, ನಡುವ ಪಾಪ್ಲರ್ ಅನ್ನೋ ಹಗೂರ ಕಟ್ಟಗಿ, ಇದು ಆ ಕಾಲದ ಶಿಕಾಗೊ ಡೋಲಿನ ರೂಢಿ.

ಮೂರ ಪದರು ಅಂದ ಮ್ಯಾಲ ಶೆಲ್ಲು ತೆಳು. ಬರೇ ಅಷ್ಟರ ಮ್ಯಾಲ ಚರ್ಮ ಎಳದು ಬಿಗದ್ರ ದುಂಡ ಹೋಗಿ ಮೊಟ್ಟೀ ಹಂಗ ಆದೀತು. ಅದಕ್ಕ ಎರಡೂ ಅಂಚಿಗೆ ಒಳಗಿನಿಂದ ಒಂದೊಂದು ಕಟ್ಟಗೀ ಬಳಿ ಅಂಟಿಸಿರ್ತಾರ, ಸೀರೀ ಅಂಚಿಗೆ ಫಾಲ್ ಹಚ್ಚಿಧಂಗ. ಕೈಯಾಡಿಸಿದ್ರ ಸಾಕು, ಕಣ್ಣು ಮುಚ್ಚಿದ್ರೂ ಗೊತ್ತಾಗ್ತದ. ಬಳೀ ತುದಿ ಎರಡೂ ಓರೆಯಾಗಿ ಕೊಯ್ದು ಒಂದರ ಮ್ಯಾಲೊಂದು ಕೂಡಿಸಿರ್ತಾರ. 1970ರ ದಶಕದ ನಡುವಿನಿಂದ ಲುಡ್ವಿಗ್‌ನವರು 6 ಪದರಿನ ದಪ್ಪ ಶೆಲ್ಲು ಮಾಡಲಿಕ್ಕೆ ಸುರು ಮಾಡಿದ ಮ್ಯಾಲ ಈ ಬಳಿ ಬಿಟ್ಟುಬಿಟ್ರು. ಬಳಿ ಅದ ಅಂದ್ರ ಅದಕ್ಕೂ ಹಿಂದಿಂದು, ಅಷ್ಟು ಖಾತ್ರಿ ಆತು.

ಹೊರಗ ಸುತ್ತಿದ್ದು ಮುತ್ತಿನ ಹೊಳಪಿನ ಹಾಳಿ. ಎಲ್ಲಾ ಕಡೆ ಬೆಣ್ಣಿ ಬಣ್ಣ, ಆದ್ರ ಬಿಚ್ಚಿದ ಲಗ್ಗಿನ ಅಡಿ ಮಾತ್ರ ಬೆಳ್ಳಗ ಮಲ್ಲಿಗಿ ಹಂಗ. ಅದು ಸೆಲ್ಯುಲಾಯ್ಡ್. ನಮ್ಮ ಅವ್ವನ ಕಾಲದ ಬಾಚಣಿಕಿ, ಬಳಿ, ಗೊಂಬಿ ಎಲ್ಲಾ ಇದರಾಗೇ ಬರ್ತಿದ್ದುವು. ಇದನ್ನ ಮಾಡಲಿಕ್ಕೆ ಕರ್ಪೂರ ಹಾಕ್ತಾರ. ಬೆಂಕಿ ತಗಲಿದ್ರ ಭಗ್ಗ ಅಂತದ, ವಯಸ್ಸಾದಂಗ ಹಳದಿ ಆಗ್ತದ. ಮೊಮ್ಮಗ ಅದನ್ನ ಕಿತ್ತು ಹೊಸಾ ಬಣ್ಣ ಹಚ್ಚೋಣು ಅಂದ. ಬ್ಯಾಡ ಅಂದೆ. ಅಜ್ಜೀ ಕಾಲದ ಸೀರೀಗೆ ಬಣ್ಣ ಅದ್ದಿಸಿದ್ರ ಮುಂದ ಅದರ ನೇಕಿ ಯಾವ ಊರಿಂದು ಅಂತ ಯಾರು ಹೇಳ್ಬೇಕು?

ಇನ್ನ ಬಿಲ್ಲೆ. ಗಾಳಿ ಆಡೋ ತೂತಿನ ಮ್ಯಾಲ ಒಂದು ಹಿತ್ತಾಳಿ ಬಿಲ್ಲೆ ಬಡದಿತ್ತು, ಕಪ್ಪಾಗಿತ್ತು. ಹುಣಸೀಹಣ್ಣು ಹಚ್ಚಿ ತಿಕ್ಕಲೇನು ಅಂತ ಕೈ ತಡೀಲಿಲ್ಲ, ಆದ್ರೂ ತಡಕೊಂಡೆ. ಒದ್ದಿ ಅರಿವೀಲೆ ಒರಿಸಿದ್ರ ಮೂರು ಅಕ್ಷರ ಕಂಡ್ವು: ಡಬ್ಲ್ಯು.ಎಫ್.ಎಲ್. ಕೆಳಗ ಶಿಕಾಗೊ. ಬಿಲ್ಲೆ ಸುತ್ತ ಹಾಳೀ ಮ್ಯಾಲ ಬ್ಯಾರೆ ಆಕಾರದ ಬಿಳೇ ಕಲಿ ಇರಲಿಲ್ಲ, ಅಂದ್ರ ಇದು ಮೊದಲಿಂದನ ಇದ್ದ ಬಿಲ್ಲೆ.

ಪುಸ್ತಕದಾಗ ಇದರ ಕಥಿ ಓದಿ ನನಗ ಕೆಲಸ ಮರತು ಹೋತು. ವಿಲಿಯಂ ಎಫ್. ಲುಡ್ವಿಗ್ ಅಂತ ಒಬ್ಬಾಂವ, ಜರ್ಮನಿಯೊಳಗ ಹುಟ್ಟಿ ಸಣ್ಣಾಂವ ಇದ್ದಾಗ ಶಿಕಾಗೊಕ್ಕ ಬಂದಾಂವ, ಡೋಲು ಬಾರಸ್ತಿದ್ದ. ಆಗಿನ ಪೆಡಲ್ ನಿಧಾನ, ಹೊಸಾ ಚಾಲಿನ ಸಂಗೀತಕ್ಕ ಕಾಲು ಓಡ್ತಿದ್ದಿಲ್ಲ. ತಾನ ಒಂದು ಲಗು ಓಡೋ ಪೆಡಲ್ ಮಾಡಿದ. 1909ರಾಗ ತಮ್ಮ ಥಿಯೊಬಾಲ್ಡ್ ಜೋಡಿ ಸೇರಿ "ಲುಡ್ವಿಗ್ ಅಂಡ್ ಲುಡ್ವಿಗ್" ಅಂತ ಕಂಪನಿ ಹಾಕಿದ. 1918ರ ದೊಡ್ಡ ಫ್ಲೂ ಜ್ವರದಾಗ ತಮ್ಮ ಹೋದ. ಅಣ್ಣ ಒಬ್ಬನ ನಡಸಿದ. ಮೂಕಿ ಸಿನೆಮಾಗಳಿಗೆ ಥೇಟರಿನ್ಯಾಗ ಬಾರಸೋ ಡ್ರಮ್ಮರುಗಳು ಇರ್ತಿದ್ರು, ಮಾತಿನ ಸಿನೆಮಾ ಬಂದು ಅವರ ಹೊಟ್ಟೀ ಮ್ಯಾಲ ಹೊಡೀತು. ಧಂದೆ ಕುಸೀತು. 1929ರಾಗ ಕಂಪನೀನ ಕಾನ್ ಅನ್ನೋ ದೊಡ್ಡ ವಾದ್ಯದ ಕಂಪನಿಗೆ ಮಾರಿದ, ಕಾರಖಾನಿ ಇಂಡಿಯಾನಾದ ಎಲ್ಕ್‌ಹಾರ್ಟಿಗೆ ಹೋತು. ಕಾರಖಾನಿ ಜೋಡಿ ಹೆಸರೂ ಹೋತು.

ಕೆಲವು ವರ್ಷ ಅಲ್ಲೇ ನೌಕರಿ ಮಾಡಿ ಬ್ಯಾಸತ್ತು ಬಿಟ್ಟು ಬಂದು, 1937ರಾಗ ಶಿಕಾಗೊದಾಗ ಮತ್ತ ಸ್ವಂತ ಕಂಪನಿ ಹಾಕಿದ. ಐವತ್ತೆಂಟರ ಹತ್ರ ವಯಸ್ಸು! ಆದ್ರ ಲುಡ್ವಿಗ್ ಅನ್ನೋ ಹೆಸರಿನ ಹಕ್ಕು ಕಾನ್‌ನವರದು. ತನ್ನ ಹೆಸರು ತಾನ ಡೋಲಿನ ಮ್ಯಾಲ ಬರೀಲಿಕ್ಕೆ ಬರಂಗಿಲ್ಲ. ಅದಕ್ಕ ಹೆಸರಿನ ಮೊದಲಿನ ಅಕ್ಷರ ಅಷ್ಟ ಹಾಕಿದ, ಡಬ್ಲ್ಯು.ಎಫ್.ಎಲ್. 1955ರಾಗ ಕಾನ್‌ನವರು ಡೋಲಿನ ಧಂದೆ ಬಿಟ್ಟಾಗ ಅಪ್ಪ ಮಗ ಸೇರಿ ತಮ್ಮ ಹೆಸರು ತಾವ ರೊಕ್ಕ ಕೊಟ್ಟು ಬಿಡಿಸಿಕೊಂಡ್ರು. ಅಡವು ಇಟ್ಟ ಪಾಟ್ಲಿ ಬಿಡಿಸಿಕೊಂಡಂಗ ಅನಸ್ತು ನನಗ. ಆಮ್ಯಾಲಿನ ಡೋಲಿನ ಮ್ಯಾಲ ಮತ್ತ ಲುಡ್ವಿಗ್ ಬಂತು. 1964ರ ಫೆಬ್ರುವರಿ 9ಕ್ಕ ಎಡ್ ಸಲಿವನ್ ಶೋದಾಗ 7 ಕೋಟಿಗಿಂತ ಹೆಚ್ಚು ಮಂದಿ ನೋಡಿದ್ದು ಆ ಹೆಸರನ.

ನಡುವ ಎರಡನೇ ಮಹಾಯುದ್ಧ ಬಂದಾಗ ವಾದ್ಯದಾಗ ನೂರಕ್ಕ 10 ಪಾಲಿಗಿಂತ ಹೆಚ್ಚು ತೂಕದ ಲೋಹ ಹಾಕಬಾರದು ಅಂತ ಸರಕಾರದ ಹುಕುಂ ಇತ್ತು. ಆಗ ಲಗ್ ಸುದ್ದಾ ಕಟ್ಟಗೀದು ಮಾಡಿದ್ರು. ಇದರ ಲಗ್ ಲೋಹದ್ದು, ಅಂದ್ರ ಯುದ್ಧದ ವರ್ಷದ್ದಲ್ಲ. ಗ್ಯಾರೇಜಿನ ಮೂಲ್ಯಾಗ ಒಂದು ಕಟ್ಟಗೀ ಬಳೀಗೆ ಸುತ್ತಿದ ಕರೂನ ಚರ್ಮ ಹರಕು ಹರಕಾಗಿ ಸಿಕ್ತು. 1957ರ ಸುಮಾರಿಗೆ ಪ್ಲಾಸ್ಟಿಕ್ ಹಾಳಿ ಬಂದದ್ದು, ಅದಕ್ಕ ಮೊದಲ ಎಲ್ಲಾರೂ ಚರ್ಮನ ಹಾಕ್ತಿದ್ರು. ಮಳಿಗಾಲದಾಗ ಹಲಗಿ ಬೆಂಕಿಗೆ ಕಾಸ್ತಾರಲ್ಲ ನಮ್ಮಲ್ಲೆ, ಅಲ್ಲಿ ಹಳೇ ಡ್ರಮ್ಮರುಗಳು ಡೋಲಿನ ಒಳಗ ಲೈಟಿನ ಬಲ್ಬ್ ಹಚ್ಚಿಡ್ತಿದ್ರಂತ, ಚರ್ಮ ಥಂಡಿ ಹಿಡೀಬಾರದು ಅಂತ.

ಶೆಲ್ಲಿಗೆ ಕಂಪನಿ ಹಾಕಲಾರದ ಎರಡು ತೂತು ಇದ್ವು, ಬೂಚು ಜಡದು ಮುಚ್ಚಿದ್ದು. ಮಾರೋರು ಇದನ್ನ ಕೊರತಿ ಅಂತಾರ, ಬೆಲಿ ಇಳೀತದ.

ಗುರುವಾರ ಸಂಜೀಕೆ ಮಗಳನ್ನ ಕರಕೊಂಡು ಹೋಗಿ ಆ ಅಜ್ಜಿಗೆ ಎಲ್ಲಾ ಹೇಳಿದ್ವಿ. ನನ್ನ ಇಂಗ್ಲೀಷಿನ್ಯಾಗ ಒಂದ ವಾಕ್ಯ ನಾನೂ ಹೇಳಿದೆ, "ನಿಮ್ಮ ಯಜಮಾನ್ರು ಹೇಳಿದ್ದು ಖರೇ" ಅಂತ. ಆಕಿ ಸುಮ್ಮನ ಆ ಮೂರು ಅಕ್ಷರದ ಮ್ಯಾಲ ಬೆರಳು ಇಟಗೊಂಡು ಕೂತ್ರು. ಭಾಳ ಹೊತ್ತಿನ ಮ್ಯಾಲ ಆ ಎರಡು ತೂತು ತೋರಿಸಿ, "ಇದು ನಮ್ಮ ಮಗ ಹುಟ್ಟಿದ ವರ್ಷ ಅಡಗೀ ಮನ್ಯಾಗ ಕೂತು ಕೊರದದ್ದು, ನಾನ ಡೋಲು ಹಿಡಕೊಂಡಿದ್ದೆ" ಅಂದ್ರು.

ಡೋಲು ನಮಗ ಸಿಗಲಿಲ್ಲ. ಮೊಮ್ಮಗ ಎರಡು ದಿನ ಮಾರಿ ಊದಿಸಿಕೊಂಡಿದ್ದ. ಶುಕ್ರವಾರ ಕಸದ ಗಾಡಿ ಬಂದು ಹೋತು. ರವಿವಾರ ಮಗ ಕಾರು ತಂದಾಗ ಆ ಅಜ್ಜಿ ಹಳೇ ರಜಾಯಿ ಸುತ್ತಿ ಅದನ್ನ ಹಿಂದಿನ ಸೀಟಿನ ಮ್ಯಾಲ ಕೂಡಿಸಿ, ಬೆಲ್ಟು ಹಚ್ಚಿ, ಬಾಜೂಕ ತಾವು ಕೂತ್ರು.