ಸೇನಾಮಹಿಳೆಯ ಗುರುತುಬಿಲ್ಲೆ: ಒಂದು ಐತಿಹಾಸಿಕ ಆಧಾರ

ಸಿದ್ಧಕಟ್ಟೆಗೆ ಅನತಿದೂರದ ವೇಣೂರಿನಲ್ಲಿ ಗೊಮ್ಮಟಮೂರ್ತಿಯ ಪಕ್ಕದ ಶಾಸನಗಳು ಅದು ಕ್ರಿ.ಶ. 1604ರಲ್ಲಿ ಪ್ರತಿಷ್ಠಿತವಾದುದನ್ನು ತಿಳಿಸುತ್ತವೆ. ಬರೆಹವು ತನ್ನ ಸ್ಥಾನದಲ್ಲಿಯೇ ಉಳಿದಿರುವುದರಿಂದ ಅದರ ಸಾಕ್ಷ್ಯಕ್ಕೆ ಬಲವುಂಟು. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಮಹಿಳೆಯರ ಗುರುತುಬಿಲ್ಲೆಗಳಿಗೆ ಈ ಭಾಗ್ಯವಿಲ್ಲ. ಅವೂ ಬರೆಹಗಳೇ, ಆದರೆ ಇಂದು ಸಂಗ್ರಾಹಕರ ಕೈಯಿಂದ ಕೈಗೆ ಸಾಗುತ್ತಿವೆ. ಅವುಗಳನ್ನು ಆಧಾರವಾಗಿ ಓದುವ ಬಗೆಯನ್ನು ಇಲ್ಲಿ ವಿವೇಚಿಸುವೆವು.

ಬ್ರಿಟಿಷ್ ಸೇನೆಯು 1916ರಲ್ಲಿ ಜೋಡಿಬಿಲ್ಲೆಗಳ ಪದ್ಧತಿಯನ್ನು ಜಾರಿಗೆ ತಂದಿತು. ನಾರಿನಿಂದಾದ ಇವುಗಳಲ್ಲಿ ಹಸಿರಿನದು ಎಂಟು ಮೂಲೆಯದು, ಕೆಂಪಿನದು ದುಂಡನೆಯದು. ಧರಿಸಿದವರು ಮಡಿದರೆ ಕೆಂಪನ್ನು ಮರಣದ ವರದಿಗಾಗಿ ತೆಗೆದು, ಹಸಿರನ್ನು ದೇಹದಲ್ಲಿಯೇ ಬಿಡುತ್ತಿದ್ದರು. ಹಿಂದಿನ ಒಂಟಿಬಿಲ್ಲೆಯನ್ನು ತೆಗೆದೊಡನೆ ದೇಹವು ಅನಾಮಧೇಯವಾಗುತ್ತಿದ್ದುದೇ ಈ ಮಾರ್ಪಾಟಿಗೆ ಕಾರಣ. ಸೇವಾಸಂಖ್ಯೆ, ಹೆಸರಿನ ಮೊದಲಕ್ಷರ, ಕುಲನಾಮ, ಮತಸೂಚಕ ಅಕ್ಷರ, ಇಷ್ಟೇ ಅದರ ಪಾಠ.

ಇಷ್ಟರಿಂದ ಧರಿಸಿದವರು ಹೆಣ್ಣೋ ಗಂಡೋ ತಿಳಿಯದು. 1938ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಮಹಿಳಾ ಸಹಾಯಕ ಸೇನೆಯಲ್ಲಿ ಸಂಖ್ಯೆಯ ಮುಂದಿರುತ್ತಿದ್ದ ‘ಡಬ್ಲ್ಯು’ ಅಕ್ಷರವೊಂದೇ ಅದನ್ನು ಸೂಚಿಸುತ್ತದೆ. ವಿವಾಹದಿಂದ ಕುಲನಾಮ ಬದಲಾದೀತು. ಬಿಲ್ಲೆಯ ಸಂಖ್ಯೆ ಬದಲಾಗದು. ಆದುದರಿಂದ ವ್ಯಕ್ತಿಯನ್ನು ದಾಖಲೆಯೊಡನೆ ಬೆಸೆಯುವ ಕೊಂಡಿ ಆ ಸಂಖ್ಯೆಯೇ.

ಭಾರತದಲ್ಲಿ ಈ ಕೊಂಡಿಗೆ ವಿಶೇಷ ಬೆಲೆಯುಂಟು. ಇಲ್ಲಿಯ ಮಹಿಳಾ ಸಹಾಯಕ ದಳವು 1942ರಲ್ಲಿ ಹುಟ್ಟಿ, 1944ರಲ್ಲಿ ನೌಕಾವಿಭಾಗವನ್ನೂ ಪಡೆದು, 1947ರಲ್ಲಿ ವಿಸರ್ಜಿತವಾಯಿತು. ಆ ಬಳಿಕ ವೈದ್ಯಕೀಯ ಹಾಗೂ ಶುಶ್ರೂಷಾ ಸೇವೆಗಳ ಹೊರತು ಭೂಸೇನೆಯ ಇತರ ಶಾಖೆಗಳಲ್ಲಿ ಮಹಿಳೆಯರು ಅಧಿಕಾರಿಗಳಾಗಿ ಸೇರಲು ಅವಕಾಶವಾದುದು 1992ರಲ್ಲಿ. ಪುರುಷರ ರೆಜಿಮೆಂಟುಗಳು ತಮ್ಮ ಪೂರ್ವಿಕರ ನೆನಪನ್ನು ಕಾಪಾಡಿಕೊಂಡು ಬಂದಿವೆ. ವಿಸರ್ಜಿತವಾದ ಈ ದಳಕ್ಕೆ ಅಂಥ ವಾರಸುದಾರರಿಲ್ಲ. ಅದರ ನೆನಪು ಹೆಚ್ಚಾಗಿ ಮನೆಗಳ ಪೆಟ್ಟಿಗೆಗಳಲ್ಲಿಯೇ ಉಳಿಯಬೇಕಾಯಿತು.

ಆ ಪೆಟ್ಟಿಗೆಯಿಂದ ಬಿಲ್ಲೆಯೊಂದೇ ಮಾರಾಟವಾದಾಗ ವಸ್ತು ಉಳಿಯುವುದು, ಚರಿತ್ರೆ ಅಳಿಯುವುದು. ಖಾಲಿ ಬಿಲ್ಲೆಗೆ ಅಕ್ಷರ ಒತ್ತಿ ನಕಲು ಮಾಡುವುದು ಕಷ್ಟವಲ್ಲವಾದ್ದರಿಂದ, ಮೂಲ ತಿಳಿಯದ ಬಿಲ್ಲೆಯನ್ನು ಸಂಶೋಧಕನು ನಂಬಲಾರನು. ಇಲ್ಲಿ ಕಾನೂನಿನ ಆಸರೆಯೂ ಇಲ್ಲ: 1972ರ ಪುರಾವಸ್ತು ಅಧಿನಿಯಮದ ಪ್ರಕಾರ ಇಂಥ ವಸ್ತು ಪುರಾವಸ್ತುವೆನಿಸಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಎರಡನೆಯ ಮಹಾಯುದ್ಧದ ಬಿಲ್ಲೆಗಳಿಗೆ ಇನ್ನೂ ಆ ವಯಸ್ಸಾಗಿಲ್ಲ.

ಆದುದರಿಂದ ಹೊಣೆ ಮನೆಯವರದು, ಸಂಗ್ರಾಹಕರದು, ಅಧ್ಯಾಪಕ ವಿದ್ಯಾರ್ಥಿಗಳಾದ ನಮ್ಮದು. ಜೋಡಿಬಿಲ್ಲೆಗಳನ್ನು ಅಗಲಿಸದೆ, ದಾರವನ್ನು ಬಿಚ್ಚದೆ, ಬಿಡುಗಡೆಪತ್ರ ಮತ್ತು ಭಾವಚಿತ್ರಗಳೊಡನೆ ಇರಿಸಬೇಕು. ಯಾರಿಂದ, ಎಲ್ಲಿ, ಯಾವಾಗ ದೊರೆಯಿತೆಂಬುದನ್ನು ಬರೆದಿಡಬೇಕು. ಶಾಸನ ದೊರೆತ ಸ್ಥಳವನ್ನು ಗುರುತಿಸದೆ ನಾವು ಅದನ್ನು ಪ್ರಕಟಿಸುವುದಿಲ್ಲ. ಈ ಕಿರುಬರೆಹಕ್ಕೂ ಅದೇ ನಿಯಮವು ಸಲ್ಲಬೇಕು.